ಪಾವಗಡದ ನೀರು ಆಕ್ಸ್‌ಫರ್ಡಿಗೆ ಹೋದ ಕಥೆ

ಬುಧವಾರ

ಹೀಥ್ರೂ ವಿಮಾನ ನಿಲ್ದಾಣದಿಂದ ಆಕ್ಸ್‌ಫರ್ಡಿಗೆ ನೇರ ಬಸ್ಸಿದೆ. ದಾರಿ ಸರಾಗವಾಗಿದ್ದರೆ ಒಂದೂವರೆ ಗಂಟೆ. ಬೆಂಗಳೂರಿನಿಂದ ಹತ್ತು ಗಂಟೆ ಕೂತು ಬಂದಿದ್ದ ಮೂವರೂ ಸೀಟಿಗೆ ತಲೆಯಾನಿಸಿದ್ದೇ ನಿದ್ದೆಹೋದರು. ನಕ್ಷೆ ಸುತ್ತಿಟ್ಟಿದ್ದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ಹಿಡಿದು ಕೂರುವ ಕೆಲಸ ನನ್ನ ಪಾಲಿಗೆ ಬಂತು.

ಮೂವರ ಪರಿಚಯ ಹೇಳಿಬಿಡುತ್ತೇನೆ. ಒಬ್ಬಳು ಸಿವಿಲ್ ಎಂಜಿನಿಯರಿಂಗ್ ಓದುವ ಪಾವಗಡ ತಾಲ್ಲೂಕಿನ ಹುಡುಗಿ. ಇನ್ನೊಬ್ಬ ಅರ್ಥಶಾಸ್ತ್ರದವನು, ಮಾತು ಕಡಿಮೆ, ಅಂಕಿ ಹೆಚ್ಚು. ಮತ್ತೊಬ್ಬ ಡಿಸೈನ್ ವಿದ್ಯಾರ್ಥಿ, ಕೊಳವೆಯೊಳಗಿನ ನಕ್ಷೆ ಬಿಡಿಸಿದವನು. ನಾನು ಇವರ ಮೇಡಂ. ಕಾಲೇಜಿನ ಉದ್ಯಮಶೀಲತಾ ಘಟಕವನ್ನು ನೋಡಿಕೊಳ್ಳುವ ಹೊಣೆಯನ್ನು ಬಹಳ ವರ್ಷಗಳ ಹಿಂದೆಯೇ ನನಗೆ ಗಂಟುಹಾಕಿದ್ದಾರೆ.

ಕಾಲೇಜು ಹುಡುಗರಿಗೆ ಸಾಮಾಜಿಕ ಉದ್ಯಮದ, ಅಂದರೆ ವ್ಯಾಪಾರದ ದಾರಿಯಿಂದ ಸಮಾಜದ ಸಮಸ್ಯೆ ಬಗೆಹರಿಸುವ, ಸ್ಪರ್ಧೆಗಳಿಗೇನೂ ಬರವಿಲ್ಲ. ಎಲ್ಲಕ್ಕಿಂತ ಹೆಸರಾದದ್ದು ಹಲ್ಟ್ ಪ್ರೈಜ್. ಗೆದ್ದ ತಂಡಕ್ಕೆ 10 ಲಕ್ಷ ಡಾಲರ್. 2014ರಲ್ಲಿ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ತಂಡ ಕೊಳೆಗೇರಿಗಳಲ್ಲಿ ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ರೋಗಗಳನ್ನು ನೋಡಿಕೊಳ್ಳುವ ಯೋಜನೆಗೆ ಅದನ್ನು ಗೆದ್ದಿತ್ತು. ಎನಾಕ್ಟಸ್ ಇನ್ನೂ ಹಳೆಯದು. 1975ರಲ್ಲಿ ಅಮೆರಿಕದಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 2012ರಲ್ಲಿ ಈಗಿನ ಹೆಸರು ಇಟ್ಟುಕೊಂಡಿತು. ಇಂಥ ಸ್ಪರ್ಧೆಗಳ ಕಾಲೇಜು ಮಟ್ಟದ ಸುತ್ತುಗಳಿಗೆ ತೀರ್ಪುಗಾರಳಾಗಿ ಕೂತು ಕೂತು ನನಗೆ ಸ್ಲೈಡುಗಳ ಕ್ರಮವೇ ಬಾಯಿಪಾಠವಾಗಿದೆ: ಸಮಸ್ಯೆಗೆ ಒಂದು, ಆ್ಯಪ್‌ಗೆ ಎಂಟು, ಕೊನೆಗೆ ಸಾವಿರಾರು ಕೋಟಿಯ ಮಾರುಕಟ್ಟೆ ತೋರಿಸುವ ಒಂದು ದೊಡ್ಡ ವೃತ್ತ. ಸಮಸ್ಯೆಯ ಆ ಒಂದು ಸ್ಲೈಡಿನಲ್ಲಿ ಸಾಮಾನ್ಯವಾಗಿ ಖಾಲಿ ಕೊಡ ಹಿಡಿದ ಹೆಂಗಸಿನ ಫೋಟೊ ಇರುತ್ತದೆ. ಆಕೆ ಯಾವ ಊರಿನವಳು ಎಂದು ಕೇಳಿದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಾವು ಹೊರಟಿದ್ದ ಸ್ಪರ್ಧೆಯ ಹೆಸರು ಮ್ಯಾಪ್ ದಿ ಸಿಸ್ಟಮ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಯೀದ್ ಬಿಸಿನೆಸ್ ಸ್ಕೂಲಿನಲ್ಲಿರುವ, ಸಾಮಾಜಿಕ ಉದ್ಯಮ ಕಲಿಸುವ ಸ್ಕೋಲ್ ಕೇಂದ್ರ 2016ರಲ್ಲಿ ಇದನ್ನು ಬೇರೊಂದು ಹೆಸರಿನಲ್ಲಿ ಶುರುಮಾಡಿತು. ಇದರ ಷರತ್ತೇ ವಿಚಿತ್ರ: ಪರಿಹಾರ ತರಬೇಡಿ. ಒಂದು ಸಮಸ್ಯೆ ಹಿಡಿದುಕೊಳ್ಳಿ. ಅದು ಯಾಕೆ ಹಾಗೇ ಉಳಿದಿದೆ, ಯಾರು ಯಾರು ಏನೇನು ಮಾಡಿ ನೋಡಿದರು, ಎಲ್ಲಿ ಎಡವಿದರು, ನಡುವೆ ಏನು ಬಾಕಿ ಉಳಿದಿದೆ, ಇಷ್ಟನ್ನು ತೋರಿಸಿ. ಒಂದು ನಕ್ಷೆ, ಒಂದು ವರದಿ, ಓದಿದ್ದರ ಪಟ್ಟಿ, ಆಮೇಲೆ ವೇದಿಕೆಯ ಮೇಲೆ ಕೆಲವು ನಿಮಿಷ.

ನಮ್ಮವರು ಹಿಡಿದದ್ದು ಪಾವಗಡದ ಫ್ಲೋರೈಡ್ ನೀರು, ಹಲ್ಲು ಮೂಳೆ ಕೆಡಿಸುವ ಕೊಳವೆಬಾವಿಯ ನೀರು.

ರಜೆಯಲ್ಲಿ ಖಾಲಿಯಾದ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ಕೋಣೆ ಸಿಕ್ಕಿತ್ತು. ಜೂನ್ ತಿಂಗಳಾದ್ದರಿಂದ ರಾತ್ರಿ ಒಂಬತ್ತು ದಾಟಿದರೂ ಬಿಸಿಲು ಹೋಗಿರಲಿಲ್ಲ. ಮಲಗಬೇಕೋ ಬೇಡವೋ ಎಂದು ಹುಡುಗರು ವಾದ ಮಾಡುತ್ತಿದ್ದಾಗ ನಾನು ಪರದೆ ಎಳೆದು ಮಲಗಿದೆ.

ಗುರುವಾರ

ಬಿಡುವಿನ ದಿನ. ರೈಲ್ವೆ ನಿಲ್ದಾಣದ ಎದುರಿಗೇ ಸಯೀದ್ ಸ್ಕೂಲು. ಹಸಿರುಗಟ್ಟಿದ ತಾಮ್ರದ, ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರ ದೂರದಿಂದಲೇ ಕಾಣುತ್ತದೆ. ಸಿರಿಯಾದಲ್ಲಿ ಹುಟ್ಟಿದ ಉದ್ಯಮಿ ವಾಫಿಕ್ ಸಯೀದ್ 1996ರಲ್ಲಿ 2 ಕೋಟಿ ಪೌಂಡ್ ಕೊಡಲು ಮುಂದೆ ಬಂದಾಗ ವಿಶ್ವವಿದ್ಯಾಲಯದಲ್ಲಿ ದೊಡ್ಡ ಜಗಳವೇ ಆಗಿತ್ತು. ಮೊದಲು ಗೊತ್ತುಮಾಡಿದ ಜಾಗಕ್ಕೆ ಅಧ್ಯಾಪಕರು ಮತ ಹಾಕಿ ಬೇಡವೆಂದರು. ಕೊನೆಗೆ ಹಳೆಯ ರ್‍ಯೂಲಿ ರೋಡ್ ರೈಲು ನಿಲ್ದಾಣವಿದ್ದ ಜಾಗ ಸಿಕ್ಕಿತು. ನಿಲ್ದಾಣವನ್ನು ಬಿಚ್ಚಿ ಬಕಿಂಗ್‌ಹ್ಯಾಮ್‌ಶೈರಿನ ರೈಲ್ವೆ ಸಂಗ್ರಹಾಲಯವೊಂದರಲ್ಲಿ ಮತ್ತೆ ಜೋಡಿಸಿದರು. ಕಟ್ಟಡ 2001ರಲ್ಲಿ ಮುಗಿಯಿತು. ಸ್ಕೋಲ್ ಕೇಂದ್ರ ಬಂದದ್ದು 2003ರಲ್ಲಿ, ಇಬೇ ಕಂಪನಿಯ ಮೊದಲ ಅಧ್ಯಕ್ಷ ಜೆಫ್ ಸ್ಕೋಲ್ ಅವರ ಪ್ರತಿಷ್ಠಾನದ ದೇಣಿಗೆಯಿಂದ. ಸಮಾಜಸೇವೆಯನ್ನು ಬಿಸಿನೆಸ್ ಸ್ಕೂಲಿನಲ್ಲಿ ಕಲಿಸುವುದು ನನಗೆ ಇವತ್ತಿಗೂ ಸ್ವಲ್ಪ ಕಸಿವಿಸಿಯ ವಿಷಯವೇ. ಆದರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವವಳು ಹೆಚ್ಚು ಮಾತಾಡುವ ಹಾಗಿಲ್ಲ.

ಊರು ಸುತ್ತಿದ್ದನ್ನು ಚುಟುಕಾಗಿ ಹೇಳುತ್ತೇನೆ. ಬ್ರಾಡ್ ಸ್ಟ್ರೀಟಿನ ತುದಿಯಲ್ಲಿ ಮೋನಿಯರ್ ವಿಲಿಯಮ್ಸ್ ಕಟ್ಟಿಸಿದ ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಕಟ್ಟಡವಿದೆ. ಅದರ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಆನೆಯಿದೆ. ಡಿಸೈನ್ ಹುಡುಗ ಅದರ ಮೂವತ್ತು ಫೋಟೊ ತೆಗೆದ. ಆಕ್ಸ್‌ಫರ್ಡ್ ಯೂನಿಯನ್ ಚರ್ಚಾಕೂಟದ ಮುಂದೆ ನಿಂತಾಗ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಬಂದಿದ್ದ ಗಿರೀಶ ಕಾರ್ನಾಡರು 1960ರ ದಶಕದ ಮೊದಲಲ್ಲಿ ಇದರ ಅಧ್ಯಕ್ಷರಾಗಿದ್ದರು ಎಂದೆ. "ಹಂಗಾದ್ರೆ ನಾಳಿದ್ದು ನಾವೂ ಇಂಗ್ಲಿಷ್ ಮಾತಾಡಬಹುದು ಬಿಡಿ ಮೇಡಂ" ಎಂದಳು ಪಾವಗಡದವಳು. ಅವಳ ಭಯವೆಲ್ಲ ಅದೊಂದರ ಮೇಲೇ ಇತ್ತು.

ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಕೂತು ಅಭ್ಯಾಸ ಶುರುಮಾಡಿದೆವು. ಅರ್ಧಕ್ಕೇ ನಿಂತು ಪ್ಲೇಪಂಪ್ ಕಥೆಗೆ ತಿರುಗಿತು. ಈ ಲೋಕದಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಕಥೆ ಇದು. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳು ಸುತ್ತಿ ಆಡುವ ಚಕ್ರಕ್ಕೆ ನೀರಿನ ಪಂಪು ಜೋಡಿಸಿದರು. ಆಟವೂ ಆಯಿತು, ನೀರೂ ಬಂತು! 2000ದಲ್ಲಿ ವಿಶ್ವಬ್ಯಾಂಕಿನ ಸ್ಪರ್ಧೆಯಲ್ಲಿ ಅದಕ್ಕೆ ಪ್ರಶಸ್ತಿ ಬಂತು. 2006ರಲ್ಲಿ ಬಿಲ್ ಕ್ಲಿಂಟನ್ ಅವರ ಸಮಾವೇಶದಲ್ಲಿ ಲಾರಾ ಬುಷ್ 1 ಕೋಟಿ 64 ಲಕ್ಷ ಡಾಲರ್ ನೆರವು ಘೋಷಿಸಿದರು; 2010ರೊಳಗೆ 4,000 ಪಂಪು ಹಾಕುವ ಗುರಿ. ಆಮೇಲೆ ಹಳ್ಳಿಗಳಿಂದ ಬೇರೆ ಸುದ್ದಿ ಬರತೊಡಗಿತು. ಮಕ್ಕಳಿಗೆ ಬೇಸರ ಬಂದಾಗ, ಶಾಲೆಗೆ ಹೋದಾಗ ಹೆಂಗಸರೇ ಆ ಚಕ್ರ ತಿರುಗಿಸಬೇಕು. ಕೆಟ್ಟರೆ ಊರಿನವರು ರಿಪೇರಿ ಮಾಡುವ ಹಾಗಿಲ್ಲ. ಹೇಳಿದಷ್ಟು ಜನಕ್ಕೆ ಹೇಳಿದಷ್ಟು ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟಿಷ್ ಪತ್ರಿಕೆಯೊಂದು ಲೆಕ್ಕ ಹಾಕಿತು. ಎಷ್ಟೋ ಕಡೆ ಮೊದಲಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು.

"ನಮ್ಮೂರ ಆರ್‌ಓ ಪ್ಲಾಂಟ್‌ಗೂ ಯಾರಾದ್ರೂ ಪ್ರೈಜ್ ಕೊಟ್ಟಿರ್ತಾರೆ ಕಣೋ" ಎಂದಳು ಅವಳು.

"ಪ್ಲಾಂಟ್ ಇಲ್ದೇ ಹೋಗಿದ್ರೆ ಏನ್ ಕುಡೀತಿದ್ರಿ?" ಅರ್ಥಶಾಸ್ತ್ರದವನು ಬಿಡಲಿಲ್ಲ.

ಇಬ್ಬರೂ ಹೇಳಿದ್ದು ಸರಿ. ಆ ಸಂಜೆ ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿದ್ದ ಈ ಶುದ್ಧ ನೀರಿನ ಘಟಕದ ಚೌಕಕ್ಕೆ ಡಿಸೈನ್ ಹುಡುಗ ಅರ್ಧ ಹಸಿರು ಕಾಗದ ಅಂಟಿಸಿದ.

ಶುಕ್ರವಾರ

ಎಲ್ಲ ತಂಡಗಳೂ ನಕ್ಷೆ ತೂಗುಹಾಕುವ ದಿನ. ಗೋಡೆಯುದ್ದಕ್ಕೂ ಬಾಣದ ಗುರುತು, ಕುಣಿಕೆ, ಬಣ್ಣಬಣ್ಣದ ದಾರ. ಕೆಲವು ನೋಡಿದರೆ ನೂಲಿನ ಉಂಡೆಯನ್ನು ಬೆಕ್ಕಿಗೆ ಕೊಟ್ಟ ಹಾಗಿದ್ದವು. ಎಲ್ಲಕ್ಕೂ ಎಲ್ಲವೂ ಕಾರಣ ಎಂದು ತೋರಿಸುವ ನಕ್ಷೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಒಳ್ಳೆಯ ನಕ್ಷೆ ಬಿಡಿಸುವವನು ಏನನ್ನು ಬಿಡಬೇಕೆಂದು ಮೊದಲು ನಿರ್ಧರಿಸಿರುತ್ತಾನೆ.

ಈ ವಿಧಾನದ ಹಿಂದೆ ಇಬ್ಬರು ಹೆಂಗಸರ ಕೆಲಸವಿದೆ. ವ್ಯವಸ್ಥೆಯೊಂದರಲ್ಲಿ ಎಲ್ಲಿ ಒತ್ತಿದರೆ ಎಷ್ಟು ಅಲುಗುತ್ತದೆ ಎಂದು ಯೋಚಿಸಲು ಕಲಿಸಿದವರು ಡೊನೆಲ್ಲಾ ಮೆಡೋಸ್. ಬೆಲೆ, ತೆರಿಗೆ, ಸಬ್ಸಿಡಿಯಂಥ ಅಂಕಿಗಳನ್ನು ತಿದ್ದುವುದು ಸುಲಭ, ಆದರೆ ಅದರಿಂದ ಆಗುವ ಬದಲಾವಣೆ ಕಡಿಮೆ. ನಿಯಮವನ್ನು, ಗುರಿಯನ್ನು ಬದಲಿಸುವುದು ಕಷ್ಟ, ಪರಿಣಾಮ ದೊಡ್ಡದು ಎಂದು 1999ರಲ್ಲಿ ಬರೆದರು. ಇನ್ನೊಬ್ಬರು ಈ ಸ್ಪರ್ಧೆಯನ್ನು ಹುಟ್ಟುಹಾಕಿದ ಡೇನಿಯೆಲಾ ಪಾಪಿ ಥಾರ್ನ್‌ಟನ್. ಅವರು ಕಾಂಬೋಡಿಯಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಸಮಸ್ಯೆಯನ್ನು ಬದುಕದ, ಓದದ ಹುಡುಗರನ್ನು ವೇದಿಕೆಗೆ ಹತ್ತಿಸಿ ವೀರರನ್ನಾಗಿ ಮಾಡುವ ಚಾಳಿಯ ವಿರುದ್ಧ ಅವರ ವಾದ. ಅವರು ಮಾಡಿದ ಮೂರು ಕಂಬಸಾಲಿನ ಹಾಳೆಯನ್ನೇ ನಮ್ಮವರು ಪಾವಗಡಕ್ಕೆ ಒಯ್ದಿದ್ದು: ಒಂದು ಕಡೆ ಸಮಸ್ಯೆ, ಇನ್ನೊಂದು ಕಡೆ ಈಗಾಗಲೇ ನಡೆದಿರುವ ಪ್ರಯತ್ನಗಳು, ನಡುವೆ ಬಾಕಿ ಉಳಿದದ್ದು.

ಪಕ್ಕದ ಗೋಡೆಯಲ್ಲಿ ಕೆನಡಾದ ತಂಡವೊಂದರ ನಕ್ಷೆ ಇತ್ತು. ಅವರದ್ದೂ ನೀರೇ. ಅಲ್ಲಿನ ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದೆಂಬ ಎಚ್ಚರಿಕೆ ವರ್ಷಗಟ್ಟಲೆ ಜಾರಿಯಲ್ಲಿದೆಯಂತೆ. ಒಂಟಾರಿಯೊದ ನೆಸ್ಕಾಂಟಗ ಎಂಬಲ್ಲಿ 1995ರಿಂದ! ನಮ್ಮವರು ಬಾಯಿಬಿಟ್ಟು ನಿಂತರು. ಕೆನಡಾ ಎಂದರೆ ಅವರ ತಲೆಯಲ್ಲಿ ಸರೋವರ, ಹಿಮ, ವೀಸಾ. ಅಷ್ಟು ನೀರಿರುವ, ಅಷ್ಟು ದುಡ್ಡಿರುವ ದೇಶದಲ್ಲಿ ಇದು ಹೇಗೆ ಎಂದು ಕೇಳಿದಾಗ ಆ ತಂಡದ ಹುಡುಗಿ ತನ್ನ ನಕ್ಷೆಯ ಒಂದು ಮೂಲೆಗೆ ಬೆರಳಿಟ್ಟಳು. ಶುದ್ಧೀಕರಣ ಘಟಕ ಕಟ್ಟಲು ಹಣ ಬರುತ್ತದೆ, ಅದನ್ನು ನಡೆಸುವವರಿಗೆ ಸಂಬಳ ಕೊಡಲು ಸಾಲುವಷ್ಟು ಬರುವುದಿಲ್ಲ.

ಪಾವಗಡದವಳು ತಟ್ಟನೆ ಅವಳ ಕೈ ಹಿಡಿದು ನಮ್ಮ ನಕ್ಷೆಯ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿಯೂ ಅದೇ ಮೂಲೆಯಲ್ಲಿ, ಹೆಚ್ಚುಕಡಿಮೆ ಅದೇ ಮಾತು. ಇಬ್ಬರೂ ಮಧ್ಯಾಹ್ನದ ಊಟ ಮರೆತು ಮಾತಿಗೆ ಕೂತರು. ಇಂಗ್ಲಿಷಿನ ಭಯ ಎಲ್ಲಿಗೆ ಹೋಯಿತೋ!

ಶನಿವಾರ

ಸುತ್ತುಗಳು ಶುರುವಾಗುವ ದಿನ. ನಮಗೆ ಬೆಳಗಿನ ಸರದಿ, ಚಿಕ್ಕ ಕೋಣೆ, ಎದುರಿಗೆ ಕೆಲವೇ ತೀರ್ಪುಗಾರರು.

ಹುಡುಗಿ ಶುರುಮಾಡಿದ್ದು ಐದು ರೂಪಾಯಿ ನಾಣ್ಯ ತೋರಿಸಿ. ಇದನ್ನು ಹಾಕಿದರೆ ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತುಂಬುತ್ತದೆ. ಘಟಕ ಯಾಕೆ ಬೇಕಾಯಿತು? ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಹಲ್ಲಿನ ಹೊರಪದರ ಕಟ್ಟುವ ಎಳೆ ವಯಸ್ಸಿನಲ್ಲೇ ಆಗುವ ಹಾನಿ ಅದು, ಆಮೇಲೆ ಉಜ್ಜಿದರೆ ಹೋಗುವುದಿಲ್ಲ. ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು. ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಅಂದರೆ ಗೊತ್ತಿಲ್ಲದ ಸಮಸ್ಯೆಯೇನೂ ಅಲ್ಲ.

ಅಲ್ಲಿಂದ ಅರ್ಥಶಾಸ್ತ್ರದವನ ಸರದಿ. ಕೆರೆ ತುಂಬುವುದು ನಿಂತ ಮೇಲೆ ಬೋರು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಆದ್ದರಿಂದ ನೀರೆತ್ತುವವನಿಗೆ ಆಳದ ಖರ್ಚು ಕಾಣುವುದಿಲ್ಲ. ನೀರು ಕೆಳಗಿಳಿದಷ್ಟೂ ಇನ್ನೂ ಆಳ, ಗಟ್ಟಿಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು, ಅದರಲ್ಲಿ ಕರಗಿದ ಫ್ಲೋರೈಡ್. ಬೋರು ಕೊರೆಯುವ ಲಾರಿಗಳು ತಮಿಳುನಾಡಿನ ತಿರುಚೆಂಗೋಡಿನಿಂದ ಬರುತ್ತವೆ, ಕೂಲಿ ಅಡಿ ಲೆಕ್ಕದಲ್ಲಿ. ಆಳಕ್ಕೆ ಹೋಗಬೇಡ ಎಂದು ಹೇಳಿದರೆ ನಷ್ಟವಾಗುವುದು ಅವರಿಗೇ.

ಡಿಸೈನ್ ಹುಡುಗ ಈವರೆಗಿನ ಪರಿಹಾರಗಳ ಸಾಲು ತೋರಿಸಿದ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ: ನೀರಿಗೆ ಪಟಿಕ, ಸುಣ್ಣ ಹಾಕಿ ಕಲಕಿ ತಿಳಿಯಾಗಲು ಬಿಡುವುದು. ಅಗ್ಗ, ಆದರೆ ದಿನಾ ಅಳತೆ ತಪ್ಪದೆ ಮಾಡಬೇಕು, ತಳದ ಕೆಸರನ್ನು ಎಲ್ಲಿಯಾದರೂ ಸುರಿಯಬೇಕು. ಆಮೇಲೆ ಆರ್‌ಓ, ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವುದು. ಎತ್ತಿದ ನೀರಿನ ದೊಡ್ಡ ಪಾಲು ಇನ್ನಷ್ಟು ಫ್ಲೋರೈಡ್ ಹೊತ್ತು ಚರಂಡಿ ಸೇರುತ್ತದೆ. ಆ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿಕೊಂಡರೆ ಗುತ್ತಿಗೆದಾರ ಪಂಚಾಯಿತಿಯನ್ನು ತೋರಿಸುತ್ತಾನೆ, ಪಂಚಾಯಿತಿ ಇಲಾಖೆಯನ್ನು ತೋರಿಸುತ್ತದೆ. ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ. ಅನ್ನ, ಸಾರು ಆಗುವುದು ಬೋರಿನ ನೀರಿನಲ್ಲೇ. ಹೊಲಕ್ಕೆ ಕೂಲಿಗೆ ಹೋದವರು ಅಲ್ಲಿನ ಬೋರಿನದ್ದನ್ನೇ ಕುಡಿಯುತ್ತಾರೆ.

ನಕ್ಷೆಯಲ್ಲಿ ನನಗೆ ಇಷ್ಟವಾದ ಬಾಣ ಬೇರೆಯೇ ಇದೆ. ಹೊಟ್ಟೆಗೆ ಕ್ಯಾಲ್ಸಿಯಂ ಬಿದ್ದರೆ ಮೈ ಹೀರುವ ಫ್ಲೋರೈಡ್ ಕಡಿಮೆಯಾಗುತ್ತದೆ. ಹಳ್ಳಿಯ ಹಾಲು ಬೆಳಗಾದರೆ ಡೈರಿಗೆ ಹೋಗುತ್ತದೆ. ಅದೇ ಹಾಲು 2013ರಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ ಲೋಟದಲ್ಲಿ ಬರುತ್ತಿದೆ. ಫ್ಲೋರೈಡಿನ ಸಲುವಾಗಿ ಯಾರೂ ಅದನ್ನು ಶುರುಮಾಡಿದ್ದಲ್ಲ. ನೀರಿನ ಇಲಾಖೆಯ ಕಡತದಲ್ಲಿ ಹಾಲಿನ ಲೋಟ ಬರುವುದೇ ಇಲ್ಲ.

ಪ್ರಶ್ನೆಗಳ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ನನಗೇ ಬೆವರು. ತೀರ್ಪುಗಾರರಲ್ಲಿ ವಯಸ್ಸಾದ ಹೆಂಗಸೊಬ್ಬರು ಕೇಳಿದರು: ಈ ಸಮಸ್ಯೆ ಹೀಗೇ ಇದ್ದರೆ ಲಾಭ ಯಾರಿಗೆ?

ಖಾಸಗಿ ಕ್ಯಾನು ಮಾರುವವರಿಗೆ, ಬೋರು ಕೊರೆಯುವವರಿಗೆ ಎಂದು ಅರ್ಥಶಾಸ್ತ್ರದವನು ಸಿದ್ಧ ಉತ್ತರ ಕೊಟ್ಟ. ಅವರು ತಲೆಯಾಡಿಸಿ ಹುಡುಗಿಯ ಕಡೆ ತಿರುಗಿದರು. ಅವಳು ನಕ್ಷೆಯ ಹತ್ತಿರ ಹೋಗಿ ಉಚಿತ ಕರೆಂಟಿನ ಚೌಕದ ಮೇಲೆ ಕೈಯಿಟ್ಟಳು.

"ನಮ್ಮಪ್ಪನಿಗೆ. ನಮ್ಮ ಹೊಲದಲ್ಲೂ ಬೋರ್ ಇದೆ. ಮಳೆ ಕೈಕೊಟ್ಟಾಗ ಕಡಲೆಕಾಯಿ ಉಳಿದದ್ದು, ನಾನು ಓದಿದ್ದು ಅದರಿಂದಲೇ. ಆ ನೀರೇ ಕುಡಿದು ನನ್ನ ತಮ್ಮನ ಹಲ್ಲು ಹಾಗಾಗಿದೆ."

ಇದನ್ನು ಅವಳು ಅಭ್ಯಾಸದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹಾಗಾದರೆ ಉಚಿತ ಕರೆಂಟು ನಿಲ್ಲಿಸಬೇಕೆ ಎಂದು ಇನ್ನೊಬ್ಬರು ಕೇಳಿದರು. ನಿಲ್ಲಿಸಿದರೆ ಮೊದಲು ಬೀಳುವುದು ಒಂದೇ ಬೋರು ಇರುವ ಸಣ್ಣ ರೈತ, ಐದು ಬೋರು ಇರುವವನಲ್ಲ. ಅದಕ್ಕೇ ಈ ಚೌಕಕ್ಕೆ ನಾವು ಬಾಣಗಳನ್ನು ಎರಡೂ ಕಡೆಗೆ ಎಳೆದಿದ್ದೇವೆ ಎಂದಳು. ಗಂಟೆ ಬಾರಿಸಿತು.

ಹೊರಗೆ ಬಂದ ಮೇಲೆ ಅವಳು ಊರಿಗೆ ಫೋನ್ ಮಾಡಿದಳು. ಅಲ್ಲಿ ಸಂಜೆಯಾಗಿತ್ತು. ಅಪ್ಪನ ಜೊತೆ ಮಳೆ, ಬಿತ್ತನೆ ಬೀಜ ಎಂದು ಮಾತಾಡಿದಳೇ ಹೊರತು ಈ ಸುದ್ದಿ ಎತ್ತಲಿಲ್ಲ. "ಬಂದ ಮೇಲೆ ಎದುರಿಗೇ ಹೇಳ್ತೀನಿ ಮೇಡಂ, ಫೋನಲ್ಲಿ ಜಗಳ ಆಗುತ್ತೆ."

ಭಾನುವಾರ

ಅಂತಿಮ ಸುತ್ತಿಗೆ ನಮ್ಮ ಹೆಸರು ಬರಲಿಲ್ಲ. ಕೆನಡಾದ ಆ ತಂಡದ್ದೂ ಇಲ್ಲ. ಡಿಸೈನ್ ಹುಡುಗ ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು ಆಮೇಲೆ ಸರಿಹೋದ.

ಉಳಿದವರ ಮಾತು ಕೇಳುತ್ತ ಕೂತೆವು. ಎರಡು ತಂಡಗಳು ನಿಜಕ್ಕೂ ಅದ್ಭುತವಾಗಿದ್ದವು. ತಾವು ಮೊದಲು ನಂಬಿದ್ದು ಏನು, ಆಮೇಲೆ ಅದು ಎಲ್ಲಿ ಮುರಿಯಿತು ಎಂದು ತೋರಿಸಿದವರು ಅವರು. ಒಂದು ತಂಡ ಮಾತ್ರ ಕೊನೆಯ ನಿಮಿಷದಲ್ಲಿ ಮೆಲ್ಲಗೆ ಒಂದು ಆ್ಯಪ್ ಹೊರತೆಗೆಯಿತು. ಹಳೆಯ ಚಟ ಬಿಡುವುದು ಸುಲಭವಲ್ಲ.

ಸ್ಪರ್ಧೆ ಯಾವುದೇ ಇರಲಿ, ಅದಕ್ಕೊಂದು ವೇದಿಕೆ ಇರುತ್ತದೆ, ವೇದಿಕೆಗೆ ಗಡಿಯಾರ ಇರುತ್ತದೆ. ನಿಂತು ಚುರುಕಾಗಿ ಮಾತಾಡುವವರಿಗೆ ಅಲ್ಲಿ ಅನುಕೂಲ. ಸಮಸ್ಯೆಯೊಳಗೇ ಇರುವವರು ಸಾಮಾನ್ಯವಾಗಿ ನಿಧಾನವಾಗಿ, ತಡೆದು ತಡೆದು ಮಾತಾಡುತ್ತಾರೆ. ಊರಲ್ಲಿ ಮುಂದಿನ ಸಲ ನಾನು ತೀರ್ಪುಗಾರಳಾಗಿ ಕೂತಾಗ ಸ್ಲೈಡುಗಳನ್ನೇ ಬೇಡವೆನ್ನಬೇಕು, ಬದಲಿಗೆ ಯಾರ ಯಾರ ಮನೆಗೆ ಹೋಗಿದ್ದಿರಿ ಎಂಬ ಪಟ್ಟಿ ಕೇಳಬೇಕು ಎಂದುಕೊಂಡೆ. ಹಾಗೆ ಮಾಡಿದರೆ ಅರ್ಧ ತಂಡಗಳು ಬರುವುದೇ ಇಲ್ಲವೇನೋ. ಬಾರದಿದ್ದರೂ ಅಡ್ಡಿಯಿಲ್ಲ.

ಸೋಮವಾರ

ರಾತ್ರಿಯ ವಿಮಾನ. ಬೆಳಿಗ್ಗೆಯೇ ರೈಲಿನಲ್ಲಿ ಲಂಡನ್ನಿಗೆ ಬಂದು, ಸಾಮಾನು ಒಂದು ಕಡೆ ಇಟ್ಟು, ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡೆವು. ಅಲ್ಲಿಂದ ಸೋಹೋ. ಇದು ಪಾವಗಡದವಳ ಹಟ.

ಸೋಹೋದ ಬ್ರಾಡ್‌ವಿಕ್ ಬೀದಿಯಲ್ಲಿ ಹಿಡಿಯಿಲ್ಲದ ಒಂದು ನೀರಿನ ಪಂಪು ನಿಂತಿದೆ, ಹಳೆಯದರ ಪ್ರತಿಕೃತಿ. 1854ರಲ್ಲಿ ಈ ಬೀದಿಯ ಸುತ್ತಮುತ್ತ ಕಾಲರಾದಿಂದ ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತುಹಾಕುತ್ತ ಹೋದರು, ಗುರುತುಗಳು ಈ ಪಂಪಿನ ಸುತ್ತ ಕಿಕ್ಕಿರಿದವು. ಸೆಪ್ಟೆಂಬರ್ 8ರಂದು ಹಿಡಿ ತೆಗೆಸಿದರು. ರೋಗ ಆಗಲೇ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ.

ನಮ್ಮ ಹುಡುಗಿಗೆ ಸ್ನೋಗಿಂತ ಇಷ್ಟವಾದವರು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಹೊರಟವರು ಅವರು. ಬೀದಿಯ ಮನೆಮನೆಯೂ ಅವರಿಗೆ ಪರಿಚಯ, ಒಂದೊಂದು ಮನೆಗೂ ಮತ್ತೆ ಮತ್ತೆ ಹೋಗಿ ಕೇಳಿದರು. ಕೊನೆಗೆ 40ನೇ ನಂಬರಿನ ಮನೆಯ ಹಸುಗೂಸಿಗೆ ಮೊದಲು ಭೇದಿ ಶುರುವಾಗಿದ್ದು, ಆ ಬಟ್ಟೆ ಒಗೆದ ನೀರು ಬಾವಿಯ ಪಕ್ಕದ ಗುಂಡಿ ಸೇರಿದ್ದು ಪತ್ತೆಯಾಯಿತು. ಸ್ನೋ ಹೇಳಿದ್ದೇ ಸರಿ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಅವರ ಎದುರಾಳಿಯಿಂದ.

"ನಮ್ ವಾಟರ್‌ಮ್ಯಾನ್ ಮಾಮನ್ನ ಸರಿಯಾಗಿ ಕೇಳೇ ಇಲ್ಲ ಕಣೋ ನಾವು" ಎಂದು ಅವಳು ಡಿಸೈನ್ ಹುಡುಗನಿಗೆ ಹೇಳಿದಳು. "ಯಾವ ಮನೆಗೆ ಯಾವ ಬೋರಿನ ನೀರು ಹೋಗ್ತದೆ ಅಂತ ಗೊತ್ತಿರೋದು ಅವ್ರೊಬ್ರಿಗೇ."

ಪಿಕಡಿಲಿ ಲೈನಿನ ರೈಲು ಸುರಂಗದಿಂದ ಮೇಲೆ ಬಂದು ನೆಟ್‌ವರ್ಕ್ ಸಿಕ್ಕಿದ್ದೇ ತಡ, ಅವಳ ಫೋನು ಟಿಣ್ ಎಂದಿತು. ನಕ್ಷೆಯ ಫೋಟೊವನ್ನು ಹಿಂದಿನ ದಿನ ಊರಿನ ಪಂಚಾಯಿತಿಯ ಪಿಡಿಒ ಅವರಿಗೆ ವಾಟ್ಸಾಪ್ ಮಾಡಿದ್ದಳಂತೆ. ಉತ್ತರ ಓದಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ತುಂಬಾ ಚೆನ್ನಾಗಿದೆಯಮ್ಮ. ಗ್ರಾಮಸಭೆಯಲ್ಲಿ ಇಡೋಣ. ಎಸ್ಟಿಮೇಟ್ ಎಷ್ಟಾಗುತ್ತೆ?"